ಬರೆಯುವವರಿಗಿಂತ ಮೊದಲು ತಿದ್ದುವವರು ಬೇಕು

2020ರ ಅಕ್ಟೋಬರ್ 1ರಂದು ಜಗತ್ತಿನ ನಾನಾ ಮೂಲೆಗಳಲ್ಲಿ ಓಪನ್ ಸೋರ್ಸ್ ತಂತ್ರಾಂಶ ನೋಡಿಕೊಳ್ಳುವವರ ಇನ್‌ಬಾಕ್ಸ್ ತುಂಬಿ ತುಳುಕಿತು. ಡಿಜಿಟಲ್ ಓಶನ್ ಕಂಪನಿ 2014ರಿಂದ ನಡೆಸುತ್ತ ಬಂದಿದ್ದ ‘ಹ್ಯಾಕ್ಟೋಬರ್‌ಫೆಸ್ಟ್’ ಆ ದಿನ ಶುರುವಾಗಿತ್ತು. ತಿಂಗಳೊಳಗೆ ನಾಲ್ಕು ಪುಲ್ ರಿಕ್ವೆಸ್ಟ್ (ಬದಲಾವಣೆ ಮಾಡಿದ್ದೇನೆ, ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಒಂದು ಟೀ ಶರ್ಟ್. ಶರ್ಟಿನ ಆಸೆಗೆ ಸಾವಿರಾರು ಜನ ಯಾವ ಯಾವುದೋ ಯೋಜನೆಯ ‘ರೀಡ್‌ಮಿ’ ಕಡತ ತೆರೆದು, ಶೀರ್ಷಿಕೆಯ ಪಕ್ಕದಲ್ಲಿ ‘ಅಮೇಜಿಂಗ್ ಪ್ರಾಜೆಕ್ಟ್’ ಎಂದು ಸೇರಿಸಿ, ‘ಡಾಕ್ಯುಮೆಂಟೇಶನ್ ಸುಧಾರಣೆ’ ಎಂಬ ಹೆಸರಿಟ್ಟು ಕಳಿಸಿದರು. ಹೀಗೆ ಮಾಡುವುದು ಎಷ್ಟು ಸುಲಭ ಎಂದು ತೋರಿಸಿಕೊಟ್ಟದ್ದು ನಮ್ಮ ದೇಶದ್ದೇ ಒಂದು ಯೂಟ್ಯೂಬ್ ಪಾಠ. ಮೂರನೆಯ ದಿನಕ್ಕೆ ಸಂಘಟಕರು ನಿಯಮ ಬದಲಿಸಿದರು: ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ.

ಅದಕ್ಕೂ ಎರಡೂವರೆ ವರ್ಷ ಮೊದಲು, 2018ರ ಮಾರ್ಚ್ 10ರ ಶನಿವಾರ, ಇನ್ನೊಂದು ಜನಜಂಗುಳಿ ಸೇರಿತ್ತು. ಪೈಥಾನ್‌ನಲ್ಲಿ ಅಂಕಿಅಂಶ ನಿಭಾಯಿಸುವ ‘ಪಾಂಡಾಸ್’ ಲೈಬ್ರರಿಯ ಡಾಕ್ಯುಮೆಂಟೇಶನ್ ಸರಿಪಡಿಸಲು ಮೂವತ್ತಕ್ಕೂ ಹೆಚ್ಚು ಊರುಗಳಲ್ಲಿ ಸುಮಾರು 500 ಜನ ಕೂತಿದ್ದರು. ಅವರಲ್ಲಿಯೂ ಬಹಳಷ್ಟು ಮಂದಿ ಹೊಸಬರೇ. ಆ ವರ್ಷದ ಮೇ ತಿಂಗಳಲ್ಲಿ ಬಂದ 0.23 ಆವೃತ್ತಿಯ ಟಿಪ್ಪಣಿಯಲ್ಲಿ, ಸುಧಾರಣೆಗಳು ಎಷ್ಟೊಂದು ಬಂದವೆಂದರೆ ಒಂದೊಂದನ್ನೂ ಬೇರೆಯಾಗಿ ನಮೂದಿಸಲು ಆಗಲಿಲ್ಲ ಎಂದು ತಂಡ ಬರೆದುಕೊಂಡಿತು.

ಹುಮ್ಮಸ್ಸು ಎರಡೂ ಕಡೆ ಇತ್ತು. ಪಾಂಡಾಸ್ ಕೂಟದಲ್ಲಿ, ಬಂದದ್ದನ್ನು ಓದಿ ತಿದ್ದಲು ಮೊದಲೇ ತಯಾರಿ ನಡೆದಿತ್ತು. ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಓದಿ ತಿದ್ದುವವರು ಯಾರು ಎಂಬ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ. ಸ್ವಯಂಸೇವಕರನ್ನು ಸೇರಿಸಿ ಡಾಕ್ಯುಮೆಂಟೇಶನ್ ಬರೆಸಲು ಹೊರಟವರು ಬೇರೆ ಏನನ್ನು ಮರೆತರೂ ನಡೆದೀತು, ಇದೊಂದನ್ನು ಮರೆಯುವ ಹಾಗಿಲ್ಲ.

ಸ್ವಯಂಸೇವಕರಿಂದ ಬರೆಸುವ ಈ ಕೆಲಸಕ್ಕೆ, ಕರ್ನಾಟಕದ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಸಾಂಗ್ಲಿ–ಮಿರಜ್ ಹೇಳಿ ಮಾಡಿಸಿದ ಜಾಗ. ಸಾಂಗ್ಲಿಯ ವಿಶ್ರಾಮಬಾಗದಲ್ಲಿ 1947ರಲ್ಲಿ ಶುರುವಾದ ವಾಲಚಂದ್ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ವಿದ್ಯಾರ್ಥಿಗಳೇ ನಡೆಸುವ ‘ವಾಲಚಂದ್ ಲಿನಕ್ಸ್ ಯೂಸರ್ಸ್ ಗ್ರೂಪ್’ ಇದೆ. ಲಿನಕ್ಸ್ ಮತ್ತು ಓಪನ್ ಸೋರ್ಸ್ ಕಾರ್ಯಾಗಾರಗಳನ್ನು ಅದು ಏರ್ಪಡಿಸುತ್ತ ಬಂದಿದೆ. ಸಮೀಪದಲ್ಲೇ 1919ರ ವಿಲಿಂಗ್ಡನ್ ಕಾಲೇಜು. ಎರಡು ಊರುಗಳ ನಡುವಿನ ದೂರ ಹತ್ತು ಕಿಲೋಮೀಟರ್ ಆಸುಪಾಸು. ಮಿರಜ್ ಜಂಕ್ಷನ್ನಿನಿಂದ ಬೆಳಗಾವಿ ಕಡೆ ಹೋಗುವ ರೈಲು ಕರ್ನಾಟಕದ ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗಗಳನ್ನು ಹಾದು ಹೋಗುತ್ತದೆ. ಇತ್ತ ಸಾಂಗ್ಲಿ ಜಿಲ್ಲೆಯದೇ ಜತ್ತ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಹಾಗಾಗಿ ಒಂದೇ ಲ್ಯಾಬಿನಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಬಳಸುವ ಹುಡುಗ ಹುಡುಗಿಯರು ಸಿಗುತ್ತಾರೆ. ಓದಿದವರು ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ ಎಂಬುದು ಊರಿನವರ ಹಳೆಯ ಗೊಣಗು. ಅದೇ ಇಲ್ಲಿ ಅನುಕೂಲಕ್ಕೆ ಬರುತ್ತದೆ; ಹೇಗೆಂದು ಮುಂದೆ ನೋಡೋಣ.

ಯಾವ ಲೈಬ್ರರಿ?

ಓಪನ್ ಸೋರ್ಸ್ ಯೋಜನೆಗಳ ಕೋಡ್ ಇಡುವ ತಾಣ ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ನೂರಕ್ಕೆ 93 ಮಂದಿ, ಅರೆಬರೆ ಅಥವಾ ಹಳತಾದ ಡಾಕ್ಯುಮೆಂಟೇಶನ್ ತಾವು ಎದುರಿಸಿದ ಸಮಸ್ಯೆ ಎಂದಿದ್ದರು. ಅದೇ ಸಮೀಕ್ಷೆಯಲ್ಲಿ, ಯೋಜನೆಗಳಿಗೆ ಕೊಡುಗೆ ನೀಡುವವರಲ್ಲಿ ನೂರಕ್ಕೆ 60 ಮಂದಿ ತಾವು ಡಾಕ್ಯುಮೆಂಟೇಶನ್ನಿಗೆ ಬರೆಯುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದರು. ಕೊರತೆ ಇಷ್ಟಿದೆ ಎಂದು ಕಂಡ ಕಂಡ ಲೈಬ್ರರಿಗೆ ಕೈ ಹಾಕುವುದಲ್ಲ.

ನೋಡಬೇಕಾದ ಮೊದಲ ಸಂಗತಿ, ಆ ಯೋಜನೆಯಲ್ಲಿ ಈಗ ಯಾರಾದರೂ ಇದ್ದಾರೆಯೇ ಎಂಬುದು. ಕಳೆದ ಮೂರು ತಿಂಗಳಲ್ಲಿ ಹೊರಗಿನವರು ಕಳಿಸಿದ ಎಷ್ಟು ಪುಲ್ ರಿಕ್ವೆಸ್ಟ್‌ಗಳಿಗೆ ಉತ್ತರ ಬಂದಿದೆ, ಎಷ್ಟು ಮರ್ಜ್ ಆಗಿವೆ, ಅಂದರೆ ಯೋಜನೆಯಲ್ಲಿ ಸೇರಿಕೊಂಡಿವೆ, ಎಂದು ನೋಡಿದರೆ ಸಾಕು, ಗೊತ್ತಾಗುತ್ತದೆ. ಗಿಟ್‌ಹಬ್‌ನಲ್ಲಿ ನಕ್ಷತ್ರಗಳು ಎಷ್ಟಿವೆ ಎಂಬುದನ್ನು ಬಿಟ್ಟುಬಿಡಬಹುದು. ಸಾವಿರಗಟ್ಟಲೆ ನಕ್ಷತ್ರ ಹೊತ್ತು, ಎರಡು ವರ್ಷದಿಂದ ಒಂದು ಪತ್ರಕ್ಕೂ ಉತ್ತರ ಕೊಡದ ಯೋಜನೆಗಳು ಬೇಕಾದಷ್ಟಿವೆ. ಕೊಡುಗೆ ನೀಡುವವರಿಗಾಗಿ ‘ಕಾಂಟ್ರಿಬ್ಯೂಟಿಂಗ್’ ಕಡತ ಇದೆಯೇ, ಡಾಕ್ಸ್ ಎಂಬ ಲೇಬಲ್ ಇದೆಯೇ ಎಂಬುದು ಆಮೇಲಿನ ಮಾತು.

ಎರಡನೆಯದು, ಬರೆಯುವವರು ಆ ಲೈಬ್ರರಿಯನ್ನು ನಿಜವಾಗಿ ಬಳಸುತ್ತಿರಬೇಕು. ಲ್ಯಾಬಿನ ಪ್ರಯೋಗಕ್ಕೆ ಪೈಥಾನ್‌ನ ಗಣಿತ ಲೈಬ್ರರಿ ನಮ್‌ಪೈಯನ್ನೋ ಪಾಂಡಾಸ್ ಅನ್ನೋ ಬಳಸುವವರು ಅದರಲ್ಲೇ ಎಡವಿದ ಜಾಗದಿಂದ ಶುರು ಮಾಡಬಹುದು. ಗಡಿಭಾಗದವರಿಗೆ ಇನ್ನೂ ಹತ್ತಿರದ ಕೆಲಸ ಬೇಕೆಂದರೆ ಭಾರತೀಯ ಭಾಷೆಗಳ ಪಠ್ಯ ನಿಭಾಯಿಸುವ ಲೈಬ್ರರಿಗಳಿವೆ. ‘ಇಂಡಿಕ್ ಎನ್‌ಎಲ್‌ಪಿ ಲೈಬ್ರರಿ’ ಅಂಥದ್ದೊಂದು. ಕನ್ನಡ, ಮರಾಠಿ ಎರಡನ್ನೂ ಅದು ನಿಭಾಯಿಸುತ್ತದೆ, ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಿಸುತ್ತದೆ. ಇಂಥ ಲೈಬ್ರರಿಗಳ ಉದಾಹರಣೆಗಳು ಹಿಂದಿಯಲ್ಲೇ ನಿಂತುಬಿಡುವುದುಂಟು. ಹಿಂದಿಯಲ್ಲಿ ಏಳದ ತೊಡಕು ಕನ್ನಡದಲ್ಲಿ ಏಳುತ್ತದೆ. ‘ರ‍್ಯಾಂಕ್’ ಎಂದು ಸರಿಯಾಗಿ ಮೂಡಬೇಕಾದರೆ ‘ರ’ ಆದ ಕೂಡಲೇ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ, ಜೀರೋ ವಿಡ್ತ್ ಜಾಯ್ನರ್, ಇರಬೇಕು. ಪಠ್ಯ ಶುದ್ಧಗೊಳಿಸುವ ಫಂಕ್ಷನ್ ಅದನ್ನು ಕಿತ್ತು ಹಾಕಿತೋ, ರ ಹೋಗಿ ಅರ್ಕಾವತ್ತಾಗಿ ಕೂರುತ್ತದೆ. ಮರಾಠಿಯ ‘ದುಸರ‍್ಯಾ’ದಂಥ ಪದಗಳಲ್ಲಿಯೂ ಇದೇ ಬಗೆಯ ಅರ್ಧ ರಕಾರದ ಪೇಚಾಟ. ಯಾವ ಫಂಕ್ಷನ್ ಈ ಚಿಹ್ನೆಯನ್ನು ಉಳಿಸುತ್ತದೆ, ಯಾವುದು ತೆಗೆಯುತ್ತದೆ ಎಂದು ಎರಡೂ ಭಾಷೆಯ ಉದಾಹರಣೆ ಕೊಟ್ಟು ಒಂದು ಪುಟ ಬರೆಯಲು ಜತ್ತದ ಅಥವಾ ಅಥಣಿಯ ವಿದ್ಯಾರ್ಥಿಗಿಂತ ತಕ್ಕವರು ಸಿಗುವುದು ಕಷ್ಟ.

ಲೈಬ್ರರಿ ಗೊತ್ತಾದ ಮೇಲೆ ಅದನ್ನು ನೋಡಿಕೊಳ್ಳುವ ಮೇಂಟೇನರ್‌ಗೆ ಮೊದಲೇ ಒಂದು ಪತ್ರ ಹೋಗಬೇಕು: ನಾವು ಇಷ್ಟು ಜನ, ಇಂಥ ತಿಂಗಳಲ್ಲಿ, ಇಂಥ ಭಾಗದ ಡಾಕ್ಯುಮೆಂಟೇಶನ್ ಮೇಲೆ ಕೆಲಸ ಮಾಡಬೇಕೆಂದಿದ್ದೇವೆ, ನಿಮಗೆ ಇದು ಬೇಕೇ, ಯಾವುದು ಮೊದಲು ಬೇಕು, ಓದಲು ನಿಮ್ಮಲ್ಲಿ ಯಾರಿದ್ದಾರೆ? ಉತ್ತರ ಬಾರದಿದ್ದರೆ ಆ ಲೈಬ್ರರಿ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಹೇಳದೆ ಕೇಳದೆ ನಲವತ್ತು ಪುಲ್ ರಿಕ್ವೆಸ್ಟ್ ತಳ್ಳಿದರೆ, ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ, ಬರುವ ಸಿಟ್ಟು 2020ರ ಅಕ್ಟೋಬರಿನದೇ.

ತಿದ್ದುವವರ ಲೆಕ್ಕ

ಒಂದು ಫಂಕ್ಷನ್ನಿನ ವಿವರಣೆ ಬರೆಯಲು ಹೊಸಬರಿಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಅದನ್ನು ಓದಿ, ಉದಾಹರಣೆ ಓಡಿಸಿ ನೋಡಿ, ತಪ್ಪು ಗುರುತಿಸಿ, ನೋಯದ ಹಾಗೆ ಹೇಳಿ, ತಿದ್ದಿದ ಮೇಲೆ ಮತ್ತೆ ಓದಲು ಅನುಭವಿಗೂ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಸಂಜೆಯ ಬಿಡುವಿನಲ್ಲಿ ಈ ಕೆಲಸ ಮಾಡುವ ಒಬ್ಬರ ಹೆಗಲಿಗೆ ನಾಲ್ಕೈದು ಜನರ ಬರಹಕ್ಕಿಂತ ಹೆಚ್ಚು ಹೊರಿಸುವುದು ಸರಿಯಲ್ಲ. ಇಪ್ಪತ್ತು ವಿದ್ಯಾರ್ಥಿಗಳನ್ನು ಕರೆಯುವ ಮುನ್ನ ಓದಿ ತಿದ್ದುವ ನಾಲ್ವರು ಒಪ್ಪಿರಬೇಕು. ನಾಲ್ವರು ಸಿಗಲಿಲ್ಲ, ಇಬ್ಬರೇ ಸಿಕ್ಕರು ಎಂದರೆ ಕರೆಯಬೇಕಾದದ್ದು ಎಂಟು–ಹತ್ತು ಜನರನ್ನು. ಪೋಸ್ಟರಿನಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಹಾಕುವ ಚಪಲ ಸಂಘಟಕರನ್ನು ಬಿಡುವುದಿಲ್ಲ. ಬಂದವರ ಬರಹ ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದರೆ ಅವರು ಇನ್ನೊಮ್ಮೆ ಈ ಕಡೆ ತಲೆ ಹಾಕುವುದಿಲ್ಲ.

ಪುಣೆ, ಬೆಂಗಳೂರಿಗೆ ಹೋದ ಹಳೆಯ ವಿದ್ಯಾರ್ಥಿಗಳು ಬೇಕಾಗುವುದು ಇಲ್ಲೇ. ಕೆಲಸದಲ್ಲಿ ದಿನವೂ ಬೇರೆಯವರ ಕೋಡ್ ರಿವ್ಯೂ ಮಾಡುವವರಿಗೆ ವಾರಕ್ಕೆ ಎರಡು ಸಂಜೆ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ‘ಯಾವಾಗಲಾದರೂ ಸಹಾಯ ಮಾಡಿ’ ಎಂದರೆ ಹೂಂ ಎಂದು ಮರೆಯುವವರೇ ಹೆಚ್ಚು. ದಿನ, ಹೊತ್ತು, ಎಷ್ಟು ಬರಹ ಎಂದು ಖಚಿತವಾಗಿ ಕೇಳಬೇಕು. ಅವರು ಲೈಬ್ರರಿಯ ಮೇಂಟೇನರ್ ಆಗಿರಬೇಕೆಂದೇನಿಲ್ಲ. ಅವರು ಮೊದಲ ಸೋಸು ಸೋಸಿ ಕಳಿಸಿದರೆ ಮೇಂಟೇನರ್ ಕೊನೆಯ ಕಣ್ಣು ಹಾಯಿಸಿದರೆ ಸಾಕು.

ಈ ಪಾಠ ಹಳೆಯದು. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಜೋ ಹ್ಯಾರಿಂಗ್ಟನ್ 2007ರಲ್ಲಿ ಪೈಥಾನ್ ಬಳಸಿ ದತ್ತಾಂಶ ವಿಶ್ಲೇಷಣೆ ಕಲಿಸಿದರು. ನಮ್‌ಪೈ ಲೈಬ್ರರಿಯ ಡಾಕ್ಯುಮೆಂಟೇಶನ್ ತೀರ ಬಡವಾಗಿದ್ದರಿಂದ ವಿದ್ಯಾರ್ಥಿಗಳು ಪರದಾಡಿದರು. 2008ರ ಬೇಸಿಗೆಯಲ್ಲಿ ಹ್ಯಾರಿಂಗ್ಟನ್ ಸ್ವಯಂಸೇವಕರನ್ನು ಕರೆದರು; ಅದಕ್ಕೂ ಮೊದಲು ಸ್ಟೆಫಾನ್ ವಾನ್ ಡರ್ ವಾಲ್ಟ್ ಅವರನ್ನು ಸಂಬಳ ಕೊಟ್ಟು ಸಂಯೋಜಕರಾಗಿ ನೇಮಿಸಿಕೊಂಡರು. ಪ್ರತಿ ಫಂಕ್ಷನ್ನಿನ ವಿವರಣೆಗೂ ವೆಬ್ಬಿನಲ್ಲಿ ಒಂದು ಪುಟ, ಆ ಪುಟಕ್ಕೆ ಒಂದು ಸ್ಥಿತಿಪಟ್ಟಿ: ಬರೆಯುತ್ತಿದ್ದಾರೆ, ರಿವ್ಯೂ ಬೇಕು, ತಿದ್ದಬೇಕು, ಪ್ರೂಫ್ ಆಯಿತು. ಯಾವುದು ಎಲ್ಲಿ ನಿಂತಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಸಾವಿರ ಪದ ಬರೆದವರಿಗೆ ಅವರೂ ಟೀ ಶರ್ಟ್ ಕೊಟ್ಟರು! ಶರ್ಟಿನಿಂದ ಯಾರೂ ಕೆಡಲಿಲ್ಲ, ಏಕೆಂದರೆ ಬರೆದದ್ದನ್ನು ಓದುವವರಿದ್ದರು. ಆಗ ರೂಢಿಗೆ ಬಂದ ಮಾದರಿ, ಅಂದರೆ ಫಂಕ್ಷನ್ ಏನು ತೆಗೆದುಕೊಳ್ಳುತ್ತದೆ, ಏನು ಹಿಂತಿರುಗಿಸುತ್ತದೆ, ಜೊತೆಗೆ ಏನು ನೋಡಬೇಕು, ಟಿಪ್ಪಣಿ, ಉದಾಹರಣೆ ಎಂಬ ಅನುಕ್ರಮ, ಇವತ್ತಿಗೂ ವಿಜ್ಞಾನದ ಎಷ್ಟೋ ಪೈಥಾನ್ ಲೈಬ್ರರಿಗಳಲ್ಲಿ ನಡೆಯುತ್ತಿದೆ.

ಮಹಾರಾಷ್ಟ್ರದಲ್ಲೇ ಇನ್ನೆರಡು ಮಾದರಿಗಳಿವೆ. ಐಐಟಿ ಬಾಂಬೆಯ ‘ಫಾಸಿ’ ಯೋಜನೆ ‘ಟೆಕ್ಸ್ಟ್‌ಬುಕ್ ಕಂಪ್ಯಾನಿಯನ್’ ಎಂಬ ಕೆಲಸ ನಡೆಸುತ್ತದೆ. ಎಂಜಿನಿಯರಿಂಗ್ ಪಠ್ಯಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳು ಸೈಲ್ಯಾಬ್‌ನಂಥ ಮುಕ್ತ ತಂತ್ರಾಂಶದಲ್ಲಿ ಬರೆದು ಕೊಡುತ್ತಾರೆ, ಒಪ್ಪಿಗೆಯಾದರೆ ಗೌರವಧನ ಸಿಗುತ್ತದೆ. ಇದರ ಜಾಣತನ ಇರುವುದು ತಪಾಸಣೆ ಹಗುರವಾಗಿರುವುದರಲ್ಲಿ: ಉತ್ತರ ಪುಸ್ತಕದಲ್ಲೇ ಇದೆ, ತಾಳೆಯಾಯಿತೋ ಇಲ್ಲವೋ ನೋಡಿದರಾಯಿತು. ಹೊಸಬರಿಗೆ ಕೊಡುವ ಮೊದಲ ಕೆಲಸ ಹೀಗೆಯೇ ಸರಿ–ತಪ್ಪು ಥಟ್ಟನೆ ಗೊತ್ತಾಗುವಂಥದ್ದಾಗಿರಬೇಕು. ಅದೇ ಸಂಸ್ಥೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ಬೆಳೆದ ‘ಸ್ಪೋಕನ್ ಟ್ಯುಟೋರಿಯಲ್’ ಕನ್ನಡ, ಮರಾಠಿ ಸೇರಿ ಅನೇಕ ಭಾರತೀಯ ಭಾಷೆಗಳಲ್ಲಿ ಧ್ವನಿ–ದೃಶ್ಯ ಪಾಠಗಳನ್ನು ಮಾಡಿದೆ. ಅಲ್ಲಿ ಪಾಠದ ಬರಹವನ್ನು ರೆಕಾರ್ಡ್ ಮಾಡುವ ಮುನ್ನ ಆ ವಿಷಯದ ಗಂಧಗಾಳಿ ಇಲ್ಲದವರ ಕೈಗೆ ಕೊಡುತ್ತಾರೆ. ಅವರು ಬರಹ ನೋಡಿಕೊಂಡೇ ಮಾಡಿ ಮುಗಿಸಿದರೆ ಪಾಠ ಸರಿ, ನಡುವೆ ಸಿಕ್ಕಿಕೊಂಡರೆ ತಿದ್ದಬೇಕು. ಲೈಬ್ರರಿಯ ಡಾಕ್ಯುಮೆಂಟೇಶನ್ನಿಗೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಕೆಲಸದ ಪಟ್ಟಿ, ಕೆಲಸದ ದಿನ

ಪಟ್ಟಿ ಮಾಡುವುದಕ್ಕೂ ಈ ಹೊಸಬರ ಪರೀಕ್ಷೆಯೇ ದಾರಿ. ಎರಡನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳನ್ನು ಲ್ಯಾಬಿನ ನಾಲ್ಕು ಕಂಪ್ಯೂಟರ್ ಮುಂದೆ ಕೂರಿಸಿ, ಲೈಬ್ರರಿಯ ಡಾಕ್ಯುಮೆಂಟೇಶನ್ ಮಾತ್ರ ನೋಡಿಕೊಂಡು ಇನ್‌ಸ್ಟಾಲ್ ಮಾಡಿ ಒಂದು ಸಣ್ಣ ಕೆಲಸ ಮುಗಿಸಲು ಹೇಳಬೇಕು. ಪಕ್ಕದಲ್ಲಿ ಕೂತವರು ಬಾಯಿ ಬಿಡದೆ, ವಿದ್ಯಾರ್ಥಿಗಳು ಎಲ್ಲಿ ನಿಂತರು, ಎಲ್ಲಿ ಗೂಗಲ್‌ಗೆ ಹೋದರು ಎಂದು ಬರೆದುಕೊಳ್ಳಬೇಕು. ಬಾಯಿ ಬಿಡದೆ ಕೂರುವುದೇ ಇದರಲ್ಲಿ ಕಷ್ಟದ ಭಾಗ. ಎರಡು ಗಂಟೆಯಲ್ಲಿ ಸಿಗುವ ಟಿಪ್ಪಣಿಗಳು ಮೇಂಟೇನರ್‌ಗೆ ವರ್ಷಗಟ್ಟಲೆ ಕಾಣದೆ ಉಳಿದ ಹೊಂಡಗಳನ್ನು ತೋರಿಸುತ್ತವೆ.

ಆ ಹೊಂಡಗಳು ಒಂದೇ ಬಗೆಯವಲ್ಲ. ಡೇನಿಯೆಲೆ ಪ್ರೊಚಿದಾ ರೂಪಿಸಿದ ‘ಡಯಾಟಾಕ್ಸಿಸ್’ ಪದ್ಧತಿ ಡಾಕ್ಯುಮೆಂಟೇಶನ್ನನ್ನು ನಾಲ್ಕಾಗಿ ನೋಡುತ್ತದೆ: ಕಲಿಯುವವರಿಗೆ ಪಾಠ, ಒಂದು ಕೆಲಸ ಮಾಡಿ ಮುಗಿಸುವ ವಿಧಾನ, ಹುಡುಕಿ ನೋಡುವ ಆಕರ, ಏಕೆ ಹೀಗೆ ಎಂಬ ವಿವರಣೆ. ನಮ್‌ಪೈ ತಂಡವೂ ತನ್ನ ಪುಟಗಳನ್ನು ಮರುಜೋಡಿಸುವಾಗ ಇದೇ ನಾಲ್ಕು ಬಗೆಗಳ ಜಾಡು ಹಿಡಿಯಿತು. ಸ್ವಯಂಸೇವಕರಿಗೆ ತಕ್ಕದ್ದು ನಡುವಿನ ಎರಡು. ಏಕೆ ಹೀಗೆ ಎಂದು ಬರೆಯಲು ಲೈಬ್ರರಿ ಕಟ್ಟಿದವರೇ ಬೇಕು. ಮೊದಲ ಪಾಠವನ್ನು ಹತ್ತು ಕೈ ಸೇರಿ ಬರೆದರೆ ಕಲಸುಮೇಲೋಗರವಾಗುತ್ತದೆ, ಅದನ್ನು ಒಬ್ಬರೇ ಬರೆಯುವುದು ಮೇಲು.

ಪಟ್ಟಿಯ ಒಂದೊಂದು ಸಾಲಿಗೂ ಒಂದೇ ಫಂಕ್ಷನ್ ಅಥವಾ ಒಂದೇ ಪ್ರಶ್ನೆ, ಬರೆಯುವವರ ಹೆಸರು, ಓದುವವರ ಹೆಸರು, ಗಡುವು. ‘ಡಾಕ್ಯುಮೆಂಟೇಶನ್ ಉತ್ತಮಗೊಳಿಸುವುದು’ ಎಂಬ ಸಾಲು ಪಟ್ಟಿಯಲ್ಲಿ ಇರಲೇಬಾರದು. ಹೆಸರು ಬರೆಸಿ ಮಾಯವಾಗುವವರು ಇದ್ದೇ ಇರುತ್ತಾರೆ. ವಾರದೊಳಗೆ ಏನೂ ಬಾರದಿದ್ದರೆ ಆ ಸಾಲು ಮತ್ತೆ ಖಾಲಿ ಎಂದು ಮೊದಲೇ ಹೇಳಿಟ್ಟರೆ ಯಾರಿಗೂ ಮುಜುಗರವಿಲ್ಲ. ಪಾಂಡಾಸ್ ತಂಡ ಮಾಡಿದ್ದು ಇದನ್ನೇ: ಊರೂರಿಗೆ ಫಂಕ್ಷನ್‌ಗಳನ್ನು ಹಂಚಿತ್ತು, ಬರೆಯುವ ಕ್ರಮದ ಕೈಪಿಡಿ ಕೊಟ್ಟಿತ್ತು, ಬರೆದದ್ದು ಆ ಕ್ರಮಕ್ಕೆ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಸ್ಕ್ರಿಪ್ಟ್ ಕೊಟ್ಟಿತ್ತು. ಅಲ್ಪವಿರಾಮ, ಖಾಲಿ ಸಾಲುಗಳ ತಪ್ಪನ್ನು ಯಂತ್ರವೇ ಹಿಡಿದರೆ ಓದುವವರ ಕಣ್ಣು ಅರ್ಥದ ಕಡೆಗೆ ಉಳಿಯುತ್ತದೆ. ಪೈಥಾನ್‌ನಲ್ಲಿ ‘ಡಾಕ್‌ಟೆಸ್ಟ್’ ಎಂಬ ಸೌಲಭ್ಯ ಬಹುಕಾಲದಿಂದ ಇದೆ. ವಿವರಣೆಯೊಳಗಿನ ಉದಾಹರಣೆಗಳನ್ನು ಓಡಿಸಿ, ಬರೆದ ಉತ್ತರವೂ ಬಂದ ಉತ್ತರವೂ ಒಂದೇ ಎಂದು ಅದು ತಾಳೆ ನೋಡುತ್ತದೆ. ಎಐ ಬರೆದುಕೊಟ್ಟ ಗದ್ಯವನ್ನು ಹಾಗೇ ಅಂಟಿಸುವ ಕಾಲದಲ್ಲಿ ಈ ಒಂದು ಕಟ್ಟಳೆ ಕಡ್ಡಾಯವಾಗಬೇಕು. ಇಲ್ಲದ ಆಯ್ಕೆಯನ್ನು ಇದೆ ಎಂದು ಎಐ ನಯವಾಗಿ ಬರೆದುಬಿಡುತ್ತದೆ. ಓಡಿಸಿ ನೋಡದ ಉದಾಹರಣೆಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ಎಐಗೂ ಸರಿ, ಮನುಷ್ಯರಿಗೂ ಸರಿ.

ಎಲ್ಲರೂ ಒಟ್ಟಿಗೆ ಕೂತು ಬರೆಯುವ ಕೂಟದ ದಿನ ಹಾಳಾಗುವುದು ಬಹುತೇಕ ಇನ್‌ಸ್ಟಾಲೇಶನ್‌ನಲ್ಲಿ. ಮೂವತ್ತು ಲ್ಯಾಪ್‌ಟಾಪ್ ಒಂದೇ ವೈಫೈನಲ್ಲಿ ದೊಡ್ಡ ರೆಪೊಸಿಟರಿ ಇಳಿಸಿಕೊಳ್ಳಲು ಹೊರಟರೆ ಊಟದ ಹೊತ್ತಾದರೂ ಯಾರೂ ಒಂದು ಸಾಲು ಬರೆದಿರುವುದಿಲ್ಲ. ಹಿಂದಿನ ವಾರವೇ ಗಿಟ್‌ಹಬ್ ಖಾತೆ, ಕ್ಲೋನ್, ಡಾಕ್ಸ್ ಬಿಲ್ಡ್ ಎಲ್ಲ ಮುಗಿಸಿ ಸ್ಕ್ರೀನ್‌ಶಾಟ್ ಕಳಿಸಿದವರಿಗೆ ಮಾತ್ರ ಜಾಗ ಎಂದರೆ ಅರ್ಧ ತಲೆನೋವು ಕಡಿಮೆ. ಆ ದಿನ ಮೊದಲ ಅರ್ಧ ಗಂಟೆಯಲ್ಲಿ ಒಂದೇ ಒಂದು ಸಣ್ಣ ಬದಲಾವಣೆಯನ್ನು ಮೊದಲಿನಿಂದ ಕೊನೆಯವರೆಗೆ ಪರದೆಯ ಮೇಲೆ ಮಾಡಿ ತೋರಿಸಬೇಕು, ರಿವ್ಯೂವಿನಲ್ಲಿ ಬಂದ ತಿದ್ದುಪಡಿಯೂ ಸೇರಿ. ಭಾಷಣಗಳಿಗೆ, ದೀಪ ಬೆಳಗುವುದಕ್ಕೆ ಬೇರೆ ದಿನಗಳಿವೆ. ದಿನಾಂಕದ ಬಗ್ಗೆ ಒಂದು ಊರಿನ ಮಾತು: ಜುಲೈ, ಆಗಸ್ಟ್ ಬೇಡ. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಕೃಷ್ಣೆ ಏರಿ ಸಾಂಗ್ಲಿಯ ಬಡಾವಣೆಗಳಿಗೆ ನುಗ್ಗಿದ್ದನ್ನು ಇಲ್ಲಿಯವರಿಗೆ ನೆನಪಿಸಬೇಕಾಗಿಲ್ಲ. ಪರೀಕ್ಷೆಯ ಹಿಂದಿನ ತಿಂಗಳೂ ಬೇಡ.

ಭಾಷೆಯ ಪ್ರಶ್ನೆ ಬಂದೇ ಬರುತ್ತದೆ. ಮೇಲೆ ಹೇಳಿದ 2017ರ ಸಮೀಕ್ಷೆಯಲ್ಲಿಯೇ ಓಪನ್ ಸೋರ್ಸ್ ಲೋಕದ ಹತ್ತಿರ ಹತ್ತಿರ ಕಾಲು ಭಾಗದವರು ತಮ್ಮ ಇಂಗ್ಲಿಷ್ ಓದು–ಬರಹ ‘ತುಂಬ ಚೆನ್ನಾಗಿದೆ’ ಎನ್ನುವ ಮಟ್ಟದ್ದಲ್ಲ ಎಂದಿದ್ದರು. ಆದ್ದರಿಂದ ಚಿಕ್ಕ ವಾಕ್ಯಗಳ ಸಾದಾ ಇಂಗ್ಲಿಷ್ ಕೊರತೆಯಲ್ಲ, ಓದುಗರಿಗೆ ಅದೇ ಬೇಕಾದದ್ದು. ಚರ್ಚೆ ಕನ್ನಡದಲ್ಲೋ ಮರಾಠಿಯಲ್ಲೋ ನಡೆಯಲಿ. ನಿರ್ಧಾರ ಮಾತ್ರ ಇಂಗ್ಲಿಷಿನಲ್ಲಿ ಯೋಜನೆಯ ಇಶ್ಯೂ ಪುಟಕ್ಕೆ ಹೋಗಬೇಕು, ವಾಟ್ಸ್ಆ್ಯಪ್ ಗುಂಪಿನಲ್ಲೇ ಮುಗಿದುಹೋಗಬಾರದು. ಅನುವಾದಕ್ಕೆ ಕೈ ಹಾಕುವವರು ಪೈಥಾನ್ ತಂಡ 2017ರ ‘ಪೆಪ್ 545’ ಎಂಬ ಪ್ರಸ್ತಾವದಲ್ಲಿ ಹಾಕಿಕೊಂಡ ನಿಯಮ ನೋಡಬೇಕು. ಅಧಿಕೃತ ತಾಣದ ಭಾಷೆಗಳ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಪಾಠಮಾಲೆಯ (ಟ್ಯುಟೋರಿಯಲ್) ಎಲ್ಲ ಪುಟಗಳು, ದೋಷ ತಿಳಿಸುವ ಪುಟ, ಅಂತರ್ಗತ ಫಂಕ್ಷನ್‌ಗಳ ಪುಟ ಇವಿಷ್ಟು ಪೂರ್ತಿ ಅನುವಾದವಾಗಿರಬೇಕು. ಎಲ್ಲ ಪುಟಗಳನ್ನೂ ಅಷ್ಟಿಷ್ಟು ಮುಟ್ಟಿ ಬಿಡುವುದಕ್ಕಿಂತ ಈ ಮೂರನ್ನು ಪೂರ್ತಿ ಮುಗಿಸಿದರೆ ಓದುಗರಿಗೆ ಉಪಯೋಗ.

ಸರ್ಟಿಫಿಕೇಟಿನ ಮಾತೂ ಆಡಿಬಿಡಬೇಕು, ಅದಿಲ್ಲದೆ ನಮ್ಮ ಕಾಲೇಜುಗಳಲ್ಲಿ ಏನೂ ನಡೆಯುವುದಿಲ್ಲ. ಕೂಟಕ್ಕೆ ಬಂದದ್ದಕ್ಕೆ ಕೊಡಬೇಡಿ. ಬರಹ ಮರ್ಜ್ ಆದ ಮೇಲೆ ಕೊಡಿ. ರಿವ್ಯೂ ಮಾಡಿದವರಿಗೂ ಕೊಡಿ, ಅವರನ್ನು ಮರೆಯುವುದೇ ರೂಢಿಯಾಗಿಬಿಟ್ಟಿದೆ. ಬರೆದದ್ದು ಯಾವ ಪರವಾನಗಿಯಡಿ ಹೋಗುತ್ತದೆ ಎಂದು ಮೊದಲೇ ತಿಳಿಸಿ, ಬೇರೆ ಪುಸ್ತಕದಿಂದ ಎತ್ತಿದ ಸಾಲು ಇರಬಾರದು ಎಂದು ಒತ್ತಿ ಹೇಳಿ.

ವಿದ್ಯಾರ್ಥಿ ಗುಂಪುಗಳ ದೊಡ್ಡ ದೌರ್ಬಲ್ಯ ಒಂದೇ: ನಡೆಸುವವರು ಕೊನೆಯ ವರ್ಷ ಮುಗಿಸಿ ಹೊರಟುಬಿಡುತ್ತಾರೆ. ಪಟ್ಟಿಯ ಪಾಸ್‌ವರ್ಡ್, ಮೇಂಟೇನರ್ ಜೊತೆಗಿನ ಪತ್ರ, ಅರ್ಧಕ್ಕೆ ನಿಂತ ಪುಲ್ ರಿಕ್ವೆಸ್ಟ್‌ಗಳು ಎಲ್ಲ ಅವರ ಜೊತೆಗೇ ಹೋಗುತ್ತವೆ. ಸಂಯೋಜಕರು ಯಾವಾಗಲೂ ಇಬ್ಬರಿರಬೇಕು, ಒಬ್ಬರು ಮೂರನೆಯ ವರ್ಷದವರು, ಇನ್ನೊಬ್ಬರು ಎರಡನೆಯ ವರ್ಷದವರು. ಕೂಟದ ನಂತರದ ಆರು ವಾರ ವಾರಕ್ಕೊಂದು ಸಂಜೆ ಬಾಕಿ ಬರಹಗಳಿಗೆಂದೇ ಮೀಸಲಿಡಬೇಕು. ನಿಜವಾದ ಕೆಲಸದ ಬಹುಪಾಲು ಮುಗಿಯುವುದು ಆಗಲೇ. ಕೂಟದ ಫೋಟೋದಲ್ಲಿ ಅದು ಕಾಣುವುದಿಲ್ಲ.

ಸಾಂಗ್ಲಿಯಲ್ಲಾಗಲಿ, ಮಿರಜಿನಲ್ಲಾಗಲಿ, ಅಥಣಿ–ಚಿಕ್ಕೋಡಿಗಳಲ್ಲಾಗಲಿ ಇಂಥದ್ದೊಂದು ಗುಂಪು ಕಟ್ಟಬೇಕೆಂದಿರುವವರು ಪೋಸ್ಟರ್ ವಿನ್ಯಾಸ ಮಾಡುವ ಮುಂಚೆ ಎರಡು ಫೋನ್ ಕರೆ ಮಾಡಲಿ: ಪುಣೆಯಲ್ಲಿರುವ ಹಳೆಯ ಸೀನಿಯರ್ ಒಬ್ಬರಿಗೆ, ಬೆಂಗಳೂರಿನಲ್ಲಿರುವ ಇನ್ನೊಬ್ಬರಿಗೆ. ವಾರಕ್ಕೆ ಎರಡು ಸಂಜೆ, ಆರು ವಾರ, ತಲಾ ಐವರ ಬರಹ ಓದಿ ತಿದ್ದಿ ಕೊಡುತ್ತೀರಾ ಎಂದು ಕೇಳಲಿ. ಇಬ್ಬರೂ ಹೂಂ ಎಂದರೆ ಹತ್ತು ಜನರನ್ನು ಕರೆಯಬಹುದು.